ಬೇಲಿ ಆಚೆ ಎಸೆದ ಪೈನಾಪಲ್

1/6

ಮೊದಲನೇ ಫೋಟೊದಲ್ಲಿ ಇರೋದು ನಮ್ಮ ನಿಟ್ಟೂರಿನ ತೋಟದ್ದೇ ಹಣ್ಣು. ಸೈಜ್ ಗೊತ್ತಾಗ್ಲಿ ಅಂತ ಪಕ್ಕದಲ್ಲಿ ತೆಂಗಿನಕಾಯಿ ಇಟ್ಟಿದ್ದೀನಿ. ಮುಕ್ಕಾಲು ಕೆಜಿ ತೂಗಿತು. ಬಿ.ಎಚ್. ರಸ್ತೆ ಪಕ್ಕ ಗಾಡಿ ನಿಲ್ಲಿಸಿಕೊಂಡು ಮಾರ್ತಾರಲ್ಲ, ಅವುಗಳ ಮುಂದೆ ಇದು ಮರಿ. ಆದ್ರೆ ಘಮ ಮಾತ್ರ ಜಗಲಿವರೆಗೂ ಬರ್ತಿತ್ತು.

ನುಗ್ಗೆ ಬಗ್ಗೆ ಬರೆದಾಗ ಒಬ್ಬರು ಮೆಸೇಜ್ ಮಾಡಿ, "ಮೇಡಂ, ಬಸುರಿಯರು ಪೈನಾಪಲ್ ತಿನ್ನಬಾರದು ಅನ್ನೋದು ನಿಜಾನಾ?" ಅಂತ ಕೇಳಿದ್ದರು. ಒಂದು ಸಾಲಲ್ಲಿ ಉತ್ತರ ಕೊಡಬಹುದಿತ್ತು. ಕೊಡೋಕೆ ಆಗಲಿಲ್ಲ. ಒಂದು, ನನಗೇ ಈಗ ಐದನೇ ತಿಂಗಳು. ಎರಡು, ನಮ್ಮನೇಲಿ ಈ ಪ್ರಶ್ನೆಗೆ ಹಳೇ ಲೆಕ್ಕ ಇದೆ. ಚಿಕ್ಕಮ್ಮನ್ನ ಕೇಳಿಯೇ ಬರೀತಿದ್ದೀನಿ.

ನಮ್ಮ ಕಡೆ ತೆಂಗು, ಅಡಿಕೆ. ಪೈನಾಪಲ್ ಅಂದ್ರೆ ಬನವಾಸಿ, ಸೊರಬದ ಕಡೆಯ ಬೆಳೆ. ತಾತ ಆ ಕಡೆಯ ನೆಂಟರ ಮನೆಗೆ ಹೋದವರು ಗೋಣಿಚೀಲದಲ್ಲಿ ಆರು ಕಂದು ತಂದು ಬಾವಿ ಪಕ್ಕ ನೆಟ್ಟಿದ್ದರಂತೆ. ಕಂದು ನೆಟ್ಟರೆ ಹಣ್ಣಿಗೆ ಒಂದೂವರೆ ವರ್ಷ ಬೇಕು. ಮೊದಲನೇ ಹಣ್ಣು ಬಂದಿದ್ದು 1998ರಲ್ಲಿ. ಚಿಕ್ಕಮ್ಮ ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ, ಮೂರನೇ ತಿಂಗಳು ನಡೀತಿತ್ತು. ಉಪ್ಪು ಖಾರದಪುಡಿ ಹಾಕಿಕೊಂಡು ನಾಲ್ಕು ಹೋಳು ತಿಂದಳು. ನಾನೂ ಪಕ್ಕದಲ್ಲಿ ಕೂತು ತಿಂದೆ, ಏಳು ವರ್ಷ ನನಗೆ. ಹತ್ತು ದಿನಕ್ಕೆ ಅವಳಿಗೆ ಹೋಯ್ತು.

ಅಜ್ಜಿ ಕೈಗೆ ಹಳೇ ಸೀರೆ ಸುತ್ತಿಕೊಂಡು, ಎಲೆ ಅಂಚಿನ ಮುಳ್ಳು ಲೆಕ್ಕಿಸದೆ ಆರೂ ಗಿಡ ಕಿತ್ತು ಬೇಲಿ ಆಚೆ ಎಸೆದಿದ್ದು ನನಗೆ ಚೆನ್ನಾಗಿ ನೆನಪಿದೆ. ಚಿಕ್ಕಮ್ಮನ ಮೇಲೆ ಕೂಗಾಡಲಿಲ್ಲ. ಬಂದು ಹೋಗೋ ಹೆಂಗಸರ ಹತ್ರ ಒಂದೇ ಮಾತು: "ಬಾಯಿ ಕಟ್ಟಲಿಲ್ಲ ಕಣವ್ವ ಅವಳು."

ಒಳಗೆ ಮಲಗಿದ್ದವಳಿಗೆ ಅದು ಕೇಳಿಸ್ತಿತ್ತು.

2/6

ಎಸೆದ ಗಿಡ ಒಣಗಿ ಹೋಗಬೇಕಿತ್ತು. ಆರರಲ್ಲಿ ಎರಡು ಹೋಗಲಿಲ್ಲ. ಅಡಿಕೆ ಬೇಯಿಸೋ ಒಲೆ ಹಿಂದಿನ ಬದುವಿನ ಮೇಲೆ ಬಿದ್ದಲ್ಲೇ ಬೇರು ಬಿಟ್ಟವು. (ಎರಡನೇ ಫೋಟೊ ಅದೇ ಜಾಗ.) ಯಾರೂ ನೀರು ಹಾಕಿಲ್ಲ, ಯಾರೂ ತಿರುಗಿ ನೋಡಿಲ್ಲ.

ಇದು ಹೇಗೆ ಅಂತ ನನಗೆ ಅರ್ಥವಾಗಿದ್ದು ಬಿಎಸ್‌ಸಿ ಬಾಟನಿ ಓದುವಾಗ. ಹೆಚ್ಚಿನ ಗಿಡಗಳು ಎಲೆಯ ಪತ್ರರಂಧ್ರಗಳನ್ನ ಹಗಲು ತೆರೀತವೆ. ಗಾಳಿ ಒಳಗೆ ಹೋಗುತ್ತೆ, ಜೊತೆಗೆ ನೀರು ಆವಿಯಾಗಿ ಹೊರಗೆ ಹೋಗುತ್ತೆ. ಅನಾನಸ್ ಹಗಲು ಬಹುಪಾಲು ಮುಚ್ಚಿಕೊಂಡಿರುತ್ತೆ. ಕತ್ತಲಾದ ಮೇಲೆ ತೆರೆದು ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು, ಅದನ್ನ ಮ್ಯಾಲಿಕ್ ಆಮ್ಲವಾಗಿ ಎಲೆಯೊಳಗೆ ಕೂಡಿಡುತ್ತೆ. ಬೆಳಗಾದಾಗ ಬಾಗಿಲು ಮುಚ್ಚಿ, ಕೂಡಿಟ್ಟಿದ್ದನ್ನ ಬಿಡಿಸಿಕೊಂಡು ಬಿಸಿಲಲ್ಲಿ ಅಡುಗೆ ಮಾಡಿಕೊಳ್ಳುತ್ತೆ. ಎಲೆಗಳೆಲ್ಲ ಆಲಿಕೆ ಥರ ಜೋಡಿಸಿಕೊಂಡಿರೋದ್ರಿಂದ ಇಬ್ಬನಿ ಬಿದ್ದರೂ ಬುಡಕ್ಕೇ ಇಳಿಯುತ್ತೆ. ಹಾಗಾಗಿ ಕಿತ್ತಿಟ್ಟ ಕಂದು ವಾರಗಟ್ಟಲೆ ಬದುಕಿರುತ್ತೆ. ತಾತ ಗೋಣಿಚೀಲದಲ್ಲಿ ಬಸ್ಸಿನ ಮೇಲೆ ಹಾಕಿ ತರೋಕೆ ಆಗಿದ್ದೂ ಅದಕ್ಕೇ.

ಈ ರಾತ್ರಿ ಪಾಳಿಯ ಗುಟ್ಟಿನ ಮೊದಲ ಸುಳಿವುಗಳಲ್ಲಿ ಒಂದು ಸಿಕ್ಕಿದ್ದು ನಮ್ಮ ದೇಶದಲ್ಲೇ. ಟಿಪ್ಪು ಸತ್ತ ಮೇಲೆ ಮೈಸೂರು ಸೀಮೆಯ ಸರ್ವೆಯಲ್ಲಿ ಸಸ್ಯಗಳನ್ನ ನೋಡಿಕೊಳ್ಳೋಕೆ ಇದ್ದ ಬೆಂಜಮಿನ್ ಹೈನೆ ಅನ್ನೋ ಡಾಕ್ಟ್ರು, ಕಾಡುಬಸಳೆಯ ಎಲೆ ಬೆಳಿಗ್ಗೆ ಹುಳಿಯಾಗಿ, ಮಧ್ಯಾಹ್ನಕ್ಕೆ ಸಪ್ಪೆಯಾಗಿ, ಸಂಜೆಗೆ ಕೊಂಚ ಕಹಿಯಾಗಿ ಇರುತ್ತೆ ಅಂತ ಜಗಿದು ನೋಡಿ ಲಂಡನ್ನಿಗೆ ಬರೆದು ಕಳಿಸಿದ. ಅದು ಅಚ್ಚಾಗಿದ್ದು 1815ರಲ್ಲಿ. ಕಿಡ್ನಿ ಸ್ಟೋನಿಗೆ ಒಳ್ಳೇದು ಅಂತ ಎಲ್ಲರ ಮನೆ ಕುಂಡದಲ್ಲೂ ಇರುತ್ತಲ್ಲ, ಅದೇ ಕಾಡುಬಸಳೆ. ಬೆಳಿಗ್ಗೆ ಆರಕ್ಕೆ ಒಂದು ಚೂರು, ಸಂಜೆ ನಾಲ್ಕಕ್ಕೆ ಒಂದು ಚೂರು ನಾಲಿಗೆ ಮೇಲಿಟ್ಟು ನೋಡಿ. ನನ್ನ ಪಿಯು ಮಕ್ಕಳಿಗೆ ಪ್ರತಿ ವರ್ಷ ಮಾಡಿಸ್ತೀನಿ. ಪೈನಾಪಲ್ ಎಲೆಯಲ್ಲೂ ನಡೆಯೋದು ಇದೇ, ಆದ್ರೆ ಅದನ್ನ ಜಗಿಯೋಕೆ ಹೋಗ್ಬೇಡಿ, ಬಾಯಿ ಕುಯ್ಯುತ್ತೆ.

3/6

ಮೂರನೇ ಫೋಟೊ ಝೂಮ್ ಮಾಡಿ. ಹಣ್ಣಿನ ಒಂದೊಂದು ಕಣ್ಣೂ ಒಂದೊಂದು ಹೂವು. ನೂರರಿಂದ ಇನ್ನೂರು ನೇರಳೆ ಬಣ್ಣದ ಸಣ್ಣ ಹೂವು ಒಂದೇ ದಿಂಡಿನ ಸುತ್ತ, ಬುಡದಿಂದ ಮೇಲಕ್ಕೆ ದಿನಕ್ಕಷ್ಟು ಅರಳಿ, ಆಮೇಲೆ ಎಲ್ಲಾ ಸೇರಿ ಒಂದೇ ಹಣ್ಣಾಗ್ತವೆ. ಹಲಸೂ ಹೀಗೇ. ನಮ್ಮ ಗುಬ್ಬಿ ತಾಲ್ಲೂಕಿನ ಚೇಳೂರಿನ ಸಿದ್ದು ಹಲಸು ಗೊತ್ತಲ್ಲ, ಅದರ ಒಂದೊಂದು ತೊಳೆಯೂ ಒಂದೊಂದು ಹೂವಿನ ಪಾಲು. ಸೀತಾಫಲ ನೋಡೋಕೆ ಹಾಗೇ ಕಂಡರೂ ಅದು ಒಂದೇ ಹೂವಿನದು. ಪರೀಕ್ಷೆಯಲ್ಲಿ ಮಕ್ಕಳು ತಪ್ಪು ಬರೆಯೋದು ಇಲ್ಲೇ.

ಕಣ್ಣುಗಳು ಓರೆ ಸಾಲಲ್ಲಿ ಸುತ್ತಿರುತ್ತವೆ. ಒಂದು ಕಡೆಗೆ ಎಣಿಸಿದ್ರೆ 8, ಇನ್ನೊಂದು ಕಡೆಗೆ 13. ಸ್ಕೆಚ್ ಪೆನ್ನಿಂದ ಗುರುತು ಹಾಕಿದ್ದೀನಿ, ಎಣಿಸಿ.

ಇನ್ನು ಒಲೆಯ ವಿಷಯ. ನಮ್ಮಲ್ಲಿ ದೀಪಾವಳಿ ಆಸುಪಾಸು ಅಡಿಕೆ ಸುಲಿದು ಚೊಗರಲ್ಲಿ ಬೇಯಿಸ್ತಾರೆ, ದಿನವಿಡೀ ತೆಂಗಿನ ಮಟ್ಟೆ ಉರೀತಾ ಇರುತ್ತೆ. ಬದುವಿನ ಮೇಲಿನ ಗಿಡಗಳಲ್ಲಿ ಒಲೆ ಕಡೆಗಿನವು ಸಂಕ್ರಾಂತಿ ಹೊತ್ತಿಗೆ ಕೆಂಪು ಮೊಗ್ಗು ತೋರಿಸಿದ್ರೆ, ಆ ತುದೀವು ತಿಂಗಳು ತಡ. ಹೊಗೆಯಲ್ಲಿ ಎಥಿಲೀನ್ ಇರುತ್ತೆ, ಅದು ಅನಾನಸನ್ನ ಹೂವಿಗೆ ತಳ್ಳುತ್ತೆ. 19ನೇ ಶತಮಾನದಲ್ಲಿ ಅಜೋರ್ಸ್ ದ್ವೀಪದ ಗಾಜಿನ ಮನೆಗಳಲ್ಲಿ ಹೊಗೆ ತುಂಬಿಕೊಂಡಾಗ ಗಿಡಗಳೆಲ್ಲ ಒಟ್ಟಿಗೆ ಹೂಬಿಟ್ಟು ಬೆಳೆಗಾರರಿಗೆ ಇದು ಗೊತ್ತಾಯ್ತು. ಈಗ ಪೈನಾಪಲ್ ಬೆಳೆಯೋರು ಎಥಿಫಾನ್ ದ್ರಾವಣವನ್ನ ಗಿಡದ ನೆತ್ತಿಗೆ ಸುರೀತಾರೆ, ಕೆಲಸ ಅದೇ. ಚಳಿಗಾಲದ ತಂಪು ರಾತ್ರಿಗೂ ಅನಾನಸ್ ಹೂ ಬಿಡುತ್ತೆ, ಹಾಗಾಗಿ ನಮ್ಮದು ಪೂರ್ತಿ ಹೊಗೆ ಮಹಿಮೆ ಅಂತ ಆಣೆ ಮಾಡಲ್ಲ.

ಒಂದು ಗಿಡ ಹೂ ಬಿಡೋದು ಒಂದೇ ಸಲ. ಆಮೇಲೆ ಬುಡದ ಕಂದುಗಳು ಮುಂದುವರಿಸ್ತವೆ. ತನ್ನದೇ ಪರಾಗಕ್ಕೆ ಕಾಯಿ ಕಟ್ಟಲ್ಲ, ಅದಕ್ಕೇ ಹಣ್ಣಲ್ಲಿ ಬೀಜವೂ ಇಲ್ಲ. ಅಂದ್ರೆ ಫೋಟೊದಲ್ಲಿರೋದು ತಾತ ತಂದ ಗಿಡದ ಮರಿ ಮೊಮ್ಮಗು ಅನ್ನೋದಕ್ಕಿಂತ, ಅಜ್ಜಿ ಕಿತ್ತೆಸೆದ ಅದೇ ಗಿಡ.

4/6

ಔಷಧಿ ಗುಣ ಅಂತ ಕೇಳೋರಿಗೆ. ನೂರು ಗ್ರಾಂ ಹಣ್ಣಲ್ಲಿ ಸುಮಾರು 48 ಮಿಲಿಗ್ರಾಂ ಸಿ ಜೀವಸತ್ವ, ಒಳ್ಳೇ ಪ್ರಮಾಣದ ಮ್ಯಾಂಗನೀಸ್, ಹತ್ತು ಗ್ರಾಂ ಆಸುಪಾಸು ಸಕ್ಕರೆ. ಶುಗರ್ ಇದ್ದೋರು ಲೆಕ್ಕ ಇಟ್ಟುಕೊಂಡು ತಿನ್ನಿ. ಆದ್ರೆ ಇದರ ಹೆಸರು ಹೇಳಿಸೋದು ಬ್ರೊಮೆಲೈನ್, ಮಾಂಸದ ಪ್ರೋಟೀನನ್ನ ತುಂಡು ಮಾಡೋ ಕಿಣ್ವಗಳ ಗುಂಪು. ಹಣ್ಣು ತಿಂದಾಗ ನಾಲಿಗೆ ಚುರುಚುರು ಅನ್ನೋದ್ರಲ್ಲಿ ಇದರ ಪಾಲೂ ಇದೆ. ಜೊತೆಗೆ ಸೂಜಿಯಂಥ ಆಕ್ಸಲೇಟ್ ಹರಳುಗಳು.

ಬ್ರೊಮೆಲೈನ್ ಹೆಚ್ಚಿರೋದು ನಾವು ಎಸೆಯೋ ಕಾಂಡದಲ್ಲಿ, ಮಾತ್ರೆಗೆ ತೆಗೆಯೋದೂ ಅಲ್ಲಿಂದ. ಸುಟ್ಟ ಗಾಯದ ಸತ್ತ ಚರ್ಮವನ್ನ ಕತ್ತರಿಸದೇ ಕರಗಿಸೋ ಒಂದು ಔಷಧಿ ಇದರಿಂದ ಬಂದಿದೆ. ಯುರೋಪಲ್ಲಿ 2012ರಲ್ಲಿ, ಅಮೆರಿಕದಲ್ಲಿ 2022ರಲ್ಲಿ ಒಪ್ಪಿಗೆ ಸಿಕ್ತು. ಊತಕ್ಕೆ ಕೊಡೋ ಮಾತ್ರೆಗಳಲ್ಲೂ ಇರುತ್ತೆ. ರಕ್ತ ತೆಳುವಾಗೋ ಮಾತ್ರೆ ತಗೊಳ್ಳೋರು ಡಾಕ್ಟ್ರನ್ನ ಕೇಳದೆ ಬ್ರೊಮೆಲೈನ್ ಮಾತ್ರೆ ಮುಟ್ಟಬಾರದು.

ವಾಟ್ಸಾಪಲ್ಲಿ ಓಡಾಡೋ "ದಿನಾ ಎರಡು ಹೋಳು, ಮಂಡಿನೋವು ಮಾಯ" ನಂಬಬೇಡಿ. ಪ್ರಯೋಗಗಳು ನಡೆದಿರೋದು ಬಹುತೇಕ ಕಾಂಡದಿಂದ ತೆಗೆದ ಗಟ್ಟಿ ಸಾರದ ಮೇಲೆ. ಬೇಯಿಸಿದ್ರೆ ಕಿಣ್ವ ಸತ್ತುಹೋಗುತ್ತೆ, ಮದುವೆಮನೆ ಪೈನಾಪಲ್ ಗೊಜ್ಜು, ಕೇಸರಿಬಾತಲ್ಲಿ ರುಚಿ ಇದೆ, ಬ್ರೊಮೆಲೈನ್ ಇಲ್ಲ. ಹಾಗೇ "ಚರಕ ಹೇಳಿದ್ದಾನೆ" ಅನ್ನೋದೂ ಸುಳ್ಳು. ಚರಕನ ಕಾಲಕ್ಕೆ ಈ ಹಣ್ಣು ಈ ದೇಶದಲ್ಲೇ ಇರಲಿಲ್ಲ. ದಕ್ಷಿಣ ಅಮೆರಿಕದ ಗಿಡ, ಕೊಲಂಬಸ್ ಇದನ್ನ ಕಂಡಿದ್ದು 1493ರಲ್ಲಿ, ಪೋರ್ಚುಗೀಸರು ನಮ್ಮ ಕಡಲ ಕರೆಗೆ ತಂದಿದ್ದು 16ನೇ ಶತಮಾನದಲ್ಲಿ. ಅನಾನಸ್ ಅನ್ನೋ ಹೆಸರೂ ಅಲ್ಲಿನ ಟುಪಿ ಜನರ ಭಾಷೆಯಿಂದ ಬಂದಿದ್ದು.

5/6

ಬಸುರಿ ಪಥ್ಯದಲ್ಲಿ ಇದರ ಜೋಡಿ ಪರಂಗಿ ಹಣ್ಣು. ಅದೂ ಅಮೆರಿಕದಿಂದಲೇ ಬಂದಿದ್ದು, ಹೆಸರಲ್ಲೇ ಪರಂಗಿಯವರಿದ್ದಾರೆ. ಅಜ್ಜಿ "ಹಿಂದಿನಿಂದ ಬಂದಿದ್ದು" ಅಂತಿದ್ದ ನಿಷೇಧದ ವಯಸ್ಸು ಐನೂರು ವರ್ಷ ದಾಟಿರೋಕೆ ಸಾಧ್ಯವೇ ಇಲ್ಲ.

ಹಾಗಂತ ಪೂರ್ತಿ ಗಾಳಿಮಾತೂ ಅಲ್ಲ. ಎಳೆ ಅನಾನಸ್ ಕಾಯಿಯನ್ನ ಗರ್ಭ ಇಳಿಸೋಕೆ ಬಳಸೋದು ಹಲವು ನಾಡುಗಳ ನಾಟಿ ವೈದ್ಯದಲ್ಲಿದೆ. ಇಲಿಯ ಗರ್ಭಕೋಶದ ತುಂಡಿಗೆ ಅನಾನಸ್ ಸಾರ ಸೋಕಿಸಿದಾಗ ಅದು ಬಿಗಿಯೋದನ್ನ ಪ್ರಯೋಗಶಾಲೆಯಲ್ಲಿ ನೋಡಿದ್ದಾರೆ. ಆದ್ರೆ ಆ ಸಾರ ನೇರವಾಗಿ ಸೋಕಿದ್ದು. ತಿಂದ ಹಣ್ಣಿನ ಕಿಣ್ವ ಹೊಟ್ಟೆಗೆ ಹೋದ ಮೇಲೆ ಬಹುಪಾಲು ಜೀರ್ಣವಾಗಿಬಿಡುತ್ತೆ. ಮಾಗಿದ ಹಣ್ಣನ್ನ ಊಟದ ಪ್ರಮಾಣದಲ್ಲಿ ತಿಂದದ್ದರಿಂದ ಗರ್ಭ ಹೋಗುತ್ತೆ ಅನ್ನೋಕೆ ಪುರಾವೆ ಇಲ್ಲ. ಬ್ರೊಮೆಲೈನ್ ಮಾತ್ರೆ ಬೇರೆ ವಿಷಯ, ಬಸುರಲ್ಲಿ ಅದು ಬೇಡ. ನನಗೆ ನನ್ನ ಡಾಕ್ಟ್ರು ಹಣ್ಣು ತಿನ್ನಬಹುದು ಅಂದಿದ್ದಾರೆ. ನಿಮ್ಮದು ನಿಮ್ಮ ಡಾಕ್ಟ್ರನ್ನ ಕೇಳಿ.

ಇನ್ನೊಂದು ಲೆಕ್ಕ ಇದೆ, ಯಾರೂ ಗಟ್ಟಿಯಾಗಿ ಹೇಳಲ್ಲ. ಗೊತ್ತಾದ ಬಸುರುಗಳಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ತಾವಾಗೇ ಹೋಗ್ತವೆ, ಹೆಚ್ಚಿನವು ಮೊದಲ ಮೂರು ತಿಂಗಳಲ್ಲಿ. ಹಾಗೆ ಮೊದಲ ತಿಂಗಳುಗಳಲ್ಲೇ ಹೋದವುಗಳಲ್ಲಿ ಸುಮಾರು ಅರ್ಧಕ್ಕೆ ಕಾರಣ ಭ್ರೂಣದ ಕ್ರೋಮೋಸೋಮಿನ ಎಣಿಕೆ ತಪ್ಪಿರೋದು. ಆ ತಪ್ಪು ಆಗಿರೋದು ಬಹುಪಾಲು ಅಂಡಾಣು ವೀರ್ಯಾಣು ಸೇರೋ ಹೊತ್ತಿಗೇ, ಅವಳು ಬಸುರಿ ಅಂತ ಅವಳಿಗೇ ಗೊತ್ತಾಗೋಕೆ ಮುಂಚೆ.

6/6

ಹೋದ ಭಾನುವಾರ ಈ ಹಣ್ಣು ಕುಯ್ದು ತಂದಾಗ ಚಿಕ್ಕಮ್ಮ ಅಡುಗೆಮನೇಲಿ ಮುದ್ದೆ ತಿರುವ್ತಿದ್ದಳು. ಘಮಕ್ಕೆ ತಿರುಗಿ ನೋಡಿ, "ನೀನು ಮುಟ್ಬೇಡ ಕಣೇ. ಇನ್ನೊಂದ್ ನಾಕ್ ತಿಂಗ್ಳು ಬಾಯಿ ಕಟ್ಟು" ಅಂದಳು.

ಅಜ್ಜಿ ಹೋಗಿ ಒಂಬತ್ತು ವರ್ಷ ಆಯ್ತು. ಮಾತು ಮಾತ್ರ ಅದೇ, ಅದೂ ಇವಳ ಬಾಯಲ್ಲಿ. ಇವಳಿಗೆ ಆಮೇಲೆ ಮಗ ಹುಟ್ಟಿದ, ಅವನಿಗೀಗ ಬೆಂಗಳೂರಲ್ಲಿ ಕೆಲಸ. ಆದ್ರೂ ಮದುವೆಮನೆ ಎಲೆಯಲ್ಲಿ ಗೊಜ್ಜು ಬಿದ್ರೆ ಮೂಲೆಗೆ ತಳ್ತಾಳೆ. ನಾನು ನೋಡಿದ್ದೀನಿ, ಕೇಳಿರಲಿಲ್ಲ.

ಪಕ್ಕದಲ್ಲಿ ಕೂತು ಮೇಲೆ ಬರೆದಿದ್ದನ್ನೆಲ್ಲ ಹೇಳಿದೆ. ಕ್ಲಾಸಲ್ಲಿ ಹೇಳೋ ಥರ ಬರಲಿಲ್ಲ, ತಡವರಿಸಿತು. ಹೋದ ವರ್ಷ ಬಿದ್ದು ಮಂಡಿ ಊದಿದಾಗ ಐದು ದಿನ ನುಂಗಿದ ಮಾತ್ರೆಯಲ್ಲೂ ಪೈನಾಪಲ್ ಕಾಂಡದ ಸಾರ ಇತ್ತು ಅಂದೆ. ಸ್ಟ್ರಿಪ್ ಹಿಂದೆ ಓದಿದ್ದೆ, ಆಗ ಹೇಳೋಕೆ ಧೈರ್ಯ ಬಂದಿರಲಿಲ್ಲ. ಅವಳು ಬೈತಾಳೆ ಅಂದುಕೊಂಡೆ. ಮುದ್ದೆ ಕೋಲು ಪಾತ್ರೆಗೆ ಆನಿಸಿಟ್ಟು ಸುಮ್ಮನೆ ನಿಂತಳು.

"ಹಂಗಾದ್ರೆ ನಾಕ್ ಹೋಳಿಂದ ಆಗಿದ್ದಲ್ವಾ ಅದು?"

"ಅಲ್ಲ ಚಿಕ್ಕಮ್ಮ. ನಾನೂ ತಿಂದಿದ್ದೆ ಅವತ್ತು, ನಿನ್ನ ಪಕ್ಕದಲ್ಲೇ."

"ಅತ್ತೆ ಇದ್ದಿದ್ರೆ ಕೇಳಿಸ್ಬೋದಿತ್ತು" ಅಂದಳು. ಮುದ್ದೆ ಅಷ್ಟರಲ್ಲಿ ತಳ ಹಿಡಿದಿತ್ತು. ಒಲೆ ಆರಿಸಿ ಕೈ ತೊಳೆದು ಬಂದು ಹಣ್ಣು ತಾನೇ ಹೆಚ್ಚಿದಳು, ಉಪ್ಪು ಸವರಿ ತಟ್ಟೆ ನನ್ನ ಕಡೆ ತಳ್ಳಿದಳು. ನಾನು ಮೂರು ಹೋಳು ತಿಂದೆ. ಅವಳು ತಿನ್ನಲಿಲ್ಲ. "ನಂಗೆ ಹಲ್ಲು ಜುಮ್ ಅಂತೈತೆ" ಅಂದಳು.

ಕೊನೇ ಫೋಟೊ ಅವತ್ತು ಸಂಜೇದು. ಹಣ್ಣಿನ ಜುಟ್ಟು ತಿರುವಿ ಕಿತ್ತು, ಬುಡದ ನಾಲ್ಕು ಎಲೆ ಸುಲಿದು, ಬಟ್ಟೆ ಒಗೆಯೋ ಕಲ್ಲಿನ ಪಕ್ಕ ಅವಳೇ ನೆಟ್ಟಿದ್ದು. ಎಷ್ಟು ದಿನಕ್ಕೆ ಹಣ್ಣು ಬರುತ್ತೆ ಅಂತ ಕೇಳಿದಳು. ಕಂದಿಗಿಂತ ಜುಟ್ಟು ನಿಧಾನ, ಎರಡು ವರ್ಷ ಅಂದೆ. "ಅಷ್ಟೊತ್ಗೆ ನಿನ್ ಮಗು ಓಡಾಡ್ತಿರ್ತದೆ, ಮುಳ್ ತಾಗ್ತದೆ" ಅಂತ ಕಿತ್ತು, ಇನ್ನೊಂದು ಮೊಳ ಆಚೆಗೆ ನೆಟ್ಟಳು.

#ನಿಟ್ಟೂರು #ಗುಬ್ಬಿ #ಅನಾನಸ್ #ತೋಟದಮೂಲೆ