ಮೂರು ಡಬ್ಬಿ ಎಲ್ಲಿ ಹೋಯಿತು?

ಅಡಿಕೆ ಕೊಯ್ಲಿನ ದಿನಗಳಲ್ಲಿ ಸಾಗರದ ಕಡೆಯ ನಮ್ಮ ಅಕ್ಕನ ಮನೆ ನಡುರಾತ್ರಿಯವರೆಗೂ ಮಲಗುವುದಿಲ್ಲ. ಹಗಲು ಕೊನೆಗೌಡ ಇಳಿಸಿದ ಕೊನೆಗಳ ರಾಶಿ ಅಂಗಳದ ಒಂದು ಮೂಲೆಯಲ್ಲಿ. ಇನ್ನೊಂದು ಮೂಲೆಯಿಂದ ಹಂಡೆಯಲ್ಲಿ ಬೇಯುವ ಅಡಿಕೆಯ ಚೊಗರಿನ ವಾಸನೆ. ನಡುವೆ ಚಪ್ಪರದಡಿ ಮೆಟ್ಟುಗತ್ತಿ ಮೆಟ್ಟಿಕೊಂಡು ಸುಲಿಯಲು ಕೂತ ಏಳೆಂಟು ಮಂದಿ. ಕೈ ಅಡಿಕೆಯ ಮೇಲೆ, ಮಾತು ಊರಿನ ಮೇಲೆ. ಸುಲಿದದ್ದನ್ನು ಡಬ್ಬಿಯಲ್ಲಿ ಅಳೆದು ಬರೆದುಕೊಳ್ಳುವುದು ಅಕ್ಕನ ಕೆಲಸ. ಕೂಲಿ ಡಬ್ಬಿ ಲೆಕ್ಕಕ್ಕೆ, ಬಟವಾಡೆ ವಾರಕ್ಕೊಮ್ಮೆ.

ಎರಡು ವರ್ಷದ ಹಿಂದೆ ಅಕ್ಕನ ಮಗ ಈ ಲೆಕ್ಕವನ್ನು ಪುಸ್ತಕದಿಂದ ಮೊಬೈಲಿಗೆ ತಂದ. ಅಮ್ಮನ ಫೋನಿನಲ್ಲೂ ಅವನ ಫೋನಿನಲ್ಲೂ ಒಂದೇ ಹಾಳೆ. ಒಬ್ಬರು ಬರೆದದ್ದು ಕ್ಷಣದಲ್ಲಿ ಇನ್ನೊಬ್ಬರಿಗೆ ಕಾಣುತ್ತದೆ. ಮೂಲ ಪ್ರತಿ ಕ್ಲೌಡಿನಲ್ಲಿ, ಅಂದರೆ ಯಾವುದೋ ಊರಿನ ಡೇಟಾ ಸೆಂಟರಿನ ಯಂತ್ರದಲ್ಲಿ. ಎರಡು ವಾರ ಎಲ್ಲವೂ ಚೆನ್ನಾಗಿ ನಡೆಯಿತು. ಮೂರನೆಯ ಶನಿವಾರ ಬಟವಾಡೆಯ ಹೊತ್ತಿಗೆ, ವರ್ಷಗಳಿಂದ ನಮ್ಮಲ್ಲಿ ಸುಲಿಯಲು ಬರುವ ಹೆಂಗಸೊಬ್ಬರು ಹಣ ಎಣಿಸಿ ಕೈಯಲ್ಲೇ ಹಿಡಿದುಕೊಂಡು ಕೇಳಿದರು: "ಅಮ್ಮಾ, ನಂದು ಹತ್ತೊಂಬತ್ತು ಡಬ್ಬಿ ಆಗಿತ್ತಲ್ಲ, ಹದಿನಾರಕ್ಕೆ ಕೊಟ್ಟಿದೀರಿ. ಮೂರು ಡಬ್ಬಿ ಎಲ್ಲಿ ಹೋಯ್ತು?"

ಎರಡೂ ಫೋನು 16 ಎಂದೇ ತೋರಿಸುತ್ತಿದ್ದವು. ಅವರು ಸೆರಗಿನ ಗಂಟು ಬಿಚ್ಚಿ ಜಗುಲಿಯ ಮೇಲೆ ಸುರಿದರು. ಡಬ್ಬಿಗೊಂದರಂತೆ ಎತ್ತಿಟ್ಟುಕೊಂಡ ಅಡಿಕೆ. ಅಕ್ಕ ಎಣಿಸಿದಳು: ಹತ್ತೊಂಬತ್ತು. ಮರುಮಾತಾಡದೆ ಉಳಿದ ದುಡ್ಡು ಕೊಟ್ಟಳು.

ನಾನು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದೆ. ಬೆಂಗಳೂರಿನಲ್ಲಿ ನನ್ನ ಸಂಬಳದ ಕೆಲಸವೇ ಇದು: ಕ್ಲೌಡಿನಲ್ಲಿರುವ ಲೆಕ್ಕ, ಕಚೇರಿಯ ಕಂಪ್ಯೂಟರಿನ ಲೆಕ್ಕ, ಊರೂರು ಅಲೆಯುವವರ ಮೊಬೈಲಿನ ಲೆಕ್ಕ, ಈ ಮೂರನ್ನೂ ಒಂದಕ್ಕೊಂದು ಹೊಂದಿಸುವುದು. ಇಂಗ್ಲಿಷಿನಲ್ಲಿ ಸಿಂಕ್ ಎನ್ನುತ್ತೇವೆ. ಕನ್ನಡದಲ್ಲಿ ಅದಕ್ಕಿಂತ ಒಳ್ಳೆಯ ಮಾತಿದೆ, ತಾಳೆ ನೋಡುವುದು. ಆ ರಾತ್ರಿ ಅಳಿಯನ ಪಕ್ಕ ಕೂತು ಹಾಳೆಯ ಚರಿತ್ರೆಯನ್ನೆಲ್ಲ ಬಗೆದು ನೋಡಿದೆ. ಬುಧವಾರ ಸಂಜೆ ಅವರ ಹೆಸರಿನ ಮುಂದೆ 15 ಇತ್ತು. ಎಂಟಕ್ಕೆ ಕರೆಂಟು ಹೋಯಿತು, ಅದರ ಜೊತೆ ಮನೆಯ ಇಂಟರ್‌ನೆಟ್ಟೂ ಹೋಯಿತು. ಅಕ್ಕ ಮಧ್ಯಾಹ್ನದಿಂದ ಸುಲಿದದ್ದನ್ನು ಅಳೆದು, ಮೂರು ಸೇರಿಸಿ, ತನ್ನ ಫೋನಿನಲ್ಲಿ 18 ಎಂದು ಬರೆದು ಮಲಗಲು ಹೋದಳು. ಅಳಿಯನ ಫೋನಿನಲ್ಲಿ ಇನ್ನೂ 15 ಇತ್ತು. ಕೊನೆಯ ಒಂದು ಡಬ್ಬಿ ಅಳೆದವನು ಅವನು. 16 ಎಂದು ಬರೆದ. ಕರೆಂಟು ಬಂದ ಮೇಲೆ ಎರಡೂ ಫೋನು ಮೇಲಕ್ಕೆ ವರದಿ ಕಳಿಸಿದವು. ಹಾಳೆಯ ನಿಯಮ ಒಂದೇ, ಕೊನೆಗೆ ಬರೆದವರ ಮಾತು ಉಳಿಯುತ್ತದೆ. 16 ಉಳಿಯಿತು, 18 ಅಳಿಯಿತು. ಯಾರಿಗೂ ಒಂದು ಮಾತು ಹೇಳದೆ ಅಳಿಯಿತು. ನನ್ನನ್ನು ಇಂದಿಗೂ ಕಾಡುವುದು ಇದೇ.

ತಾಳೆ ಎಂದರೆ ಇದಲ್ಲ. ನಾವು ಚಿಕ್ಕವರಿದ್ದಾಗ ಊರಿನ ಅಂಗಡಿಯಲ್ಲಿ ಕಡದ ಲೆಕ್ಕಕ್ಕೆ ಎರಡು ಪುಸ್ತಕ, ಒಂದು ಶೆಟ್ಟರ ಗಲ್ಲದಲ್ಲಿ, ಒಂದು ನಮ್ಮ ಮನೆಯ ಗೂಡಿನಲ್ಲಿ. ಮಳೆಗಾಲದಲ್ಲಿ ಹಳ್ಳ ಏರಿದರೆ ಪುಸ್ತಕ ಒಯ್ಯದೆ ಯಾರದೋ ಕೈಯಲ್ಲಿ ಬೆಲ್ಲ, ಸೀಮೆಎಣ್ಣೆ ತರಿಸುತ್ತಿದ್ದೆವು. ಶೆಟ್ಟರು ಅವರ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು, ಅಪ್ಪ ನಮ್ಮದರಲ್ಲಿ. ಮಳೆ ನಿಂತ ಮೇಲೆ ಇಬ್ಬರೂ ಬೆಂಚಿನ ಮೇಲೆ ಕೂತು ಸಾಲು ಸಾಲಾಗಿ ಓದುತ್ತಿದ್ದರು. ತಾಳೆಯಾಗದ ಸಾಲಿಗೆ ಪೆನ್ಸಿಲಿನಲ್ಲಿ ಗುರುತು. "ಆವತ್ತು ಸಣ್ಣ ಮಾಣಿ ಬಂದಿದ್ದನಲ್ಲ ಭಟ್ರೇ, ಅವನನ್ನೇ ಕೇಳಿ" ಎಂದು ಶೆಟ್ಟರು ಹೇಳಿದ್ದು ನನ್ನ ಬಗ್ಗೆಯೇ. ಒಬ್ಬರ ಪುಸ್ತಕ ಈಚಿನದು ಎಂದು ಇನ್ನೊಬ್ಬರದನ್ನು ಹರಿದು ಹಾಕಿದ್ದನ್ನು ನಾನು ಕಂಡಿಲ್ಲ.

ಮಳೆಗಾಲದ ಮಾತು ಬಂತಲ್ಲ, ನನಗೆ ಬಹಳ ಪ್ರಿಯವಾದ ಒಂದು ಸಂಶೋಧನೆಯ ವಿಷಯ ಹೇಳಬೇಕು. ಮದರಾಸಿನ ಐಐಟಿಯಲ್ಲಿ ಓದಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯಕ್ಕೆ ಹೋದ ಮಹಾದೇವ್ ಸತ್ಯನಾರಾಯಣನ್ 1987ರ ಹೊತ್ತಿಗೆ ಕೋಡಾ ಎಂಬ ವ್ಯವಸ್ಥೆಯ ಕೆಲಸ ಶುರು ಮಾಡಿದರು. ಸರ್ವರಿನ ಸಂಪರ್ಕ ತಪ್ಪಿದರೂ ಕೈಯಲ್ಲಿರುವ ಕಂಪ್ಯೂಟರಿನಲ್ಲಿ ಕೆಲಸ ನಿಲ್ಲಬಾರದು ಎಂಬುದು ಅವರ ಹಟ. ಅವರೂ ಅವರ ವಿದ್ಯಾರ್ಥಿ ಜೇಮ್ಸ್ ಕಿಸ್ಲರ್ ಅವರೂ 1991ರಲ್ಲಿ ಮಂಡಿಸಿದ ಪ್ರಬಂಧದಲ್ಲಿ ಯಂತ್ರಕ್ಕೆ ಮೂರು ಅವಸ್ಥೆ. ಸಂಪರ್ಕ ಇರುವಾಗಲೇ ಮುಂದೆ ಬೇಕಾಗುವುದನ್ನೆಲ್ಲ ಕೂಡಿಟ್ಟುಕೊಳ್ಳುವುದು. ಸಂಪರ್ಕ ಕಡಿದಾಗ ಕೂಡಿಟ್ಟದ್ದರಲ್ಲೇ ಕೆಲಸ ಸಾಗಿಸಿ, ಮಾಡಿದ್ದನ್ನೆಲ್ಲ ಬರೆದಿಡುವುದು. ಮತ್ತೆ ಸಂಪರ್ಕ ಬಂದಾಗ ಬರೆದಿಟ್ಟದ್ದನ್ನು ಸರ್ವರಿಗೆ ಒಪ್ಪಿಸಿ ಒಂದಾಗುವುದು. ಮೊದಲ ಸಲ ಓದಿದಾಗ ನನಗೆ ಕಂಡದ್ದು ಅಜ್ಜಿಯ ಅಟ್ಟ. ಜೂನ್ ಬರುವ ಮೊದಲೇ ಸೌದೆ, ಹಪ್ಪಳ, ಮಿಡಿ ಉಪ್ಪಿನಕಾಯಿ, ಹುಣಸೆಹಣ್ಣು ಎಲ್ಲ ಮೇಲೇರಬೇಕು. ಆಮೇಲೆ ಮೂರು ತಿಂಗಳು ಪೇಟೆಯ ಹಂಗಿಲ್ಲ. ಮಳೆ ನಿಂತ ಮೇಲೆ ಪೇಟೆಗೆ ಹೋಗಿ ಲೆಕ್ಕ ಚುಕ್ತಾ. ಇಂದು ನಿಮ್ಮ ಫೋನು ಬಸ್ಸಿನಲ್ಲಿ ಆಗುಂಬೆ ಘಾಟಿ ಇಳಿಯುವಾಗಲೂ ಬರೆಯುತ್ತಿದ್ದ ಟಿಪ್ಪಣಿಯನ್ನು ಉಳಿಸಿಕೊಂಡಿದ್ದರೆ, ಅದರ ಹಿಂದೆ ಇರುವುದು ಇದೇ ವಿಚಾರ.

ಸಂಪರ್ಕ ಕಡಿದಾಗ ಕೆಲಸ ನಿಲ್ಲಿಸುವುದೂ ಒಂದು ದಾರಿಯೇ. ಬ್ಯಾಂಕಿನಲ್ಲಿ "ಲಿಂಕ್ ಇಲ್ಲ" ಎಂದು ಹೇಳಿ ಕಳಿಸುತ್ತಾರಲ್ಲ, ಅದು ಸೋಮಾರಿತನವಲ್ಲ. ಒಂದೇ ಹಣವನ್ನು ಎರಡು ಕಡೆ ತೆಗೆದುಬಿಟ್ಟರೆ ಎಂಬ ಎಚ್ಚರ. ನಡುವಿನ ದಾರಿ ಕಡಿದಾಗ ಒಂದೋ ನಿಲ್ಲಬೇಕು, ಇಲ್ಲವೇ ಎರಡು ಕಡೆಯ ಲೆಕ್ಕ ಸ್ವಲ್ಪ ಹೊತ್ತು ಬೇರೆಯಾಗುವುದನ್ನು ಒಪ್ಪಬೇಕು, ಎರಡೂ ಕೈಗೆ ಸಿಗುವುದಿಲ್ಲ ಎಂದು ಕಂಪ್ಯೂಟರ್ ವಿಜ್ಞಾನಿ ಎರಿಕ್ ಬ್ರೂವರ್ 2000ದಲ್ಲಿ ಹೇಳಿದರು. ಎರಡು ವರ್ಷದಲ್ಲಿ ಗಿಲ್ಬರ್ಟ್ ಮತ್ತು ಲಿಂಚ್ ಅದನ್ನು ಗಣಿತದಿಂದ ಸಾಧಿಸಿ ತೋರಿಸಿದರು. ಅಡಿಕೆ ಸುಲಿಯುವುದನ್ನು ಕರೆಂಟು ಬರುವವರೆಗೆ ನಿಲ್ಲಿಸಲಾಗುವುದಿಲ್ಲ. ಹಾಗಾಗಿ ನಮ್ಮದು ಎರಡನೆಯ ದಾರಿ.

ಆ ದಾರಿಯಲ್ಲಿ ಮೊದಲು ಎಡವುವುದು ಗಡಿಯಾರ. ಕೊನೆಗೆ ಬರೆದವರು ಯಾರು ಎಂದು ಹೇಳುವುದು ಯಾವ ಗಡಿಯಾರ? ಒಂದು ಫೋನು ಐದು ನಿಮಿಷ ಮುಂದಿದ್ದರೆ ಅದರ ಹಳೆಯ ಮಾತೂ ಹೊಸದಾಗುತ್ತದೆ. ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ 1978ರಲ್ಲೇ ಇದಕ್ಕೊಂದು ದಾರಿ ತೋರಿಸಿದರು: ಗಂಟೆ ನಿಮಿಷವನ್ನು ಬಿಡಿ, ಯಾವುದನ್ನು ನೋಡಿದ ಮೇಲೆ ಯಾವುದನ್ನು ಬರೆದರು ಎಂಬ ಕ್ರಮವನ್ನು ಹಿಡಿಯಿರಿ. ಅಳಿಯ 16 ಎಂದು ಬರೆದಾಗ 18ನ್ನು ನೋಡಿರಲಿಲ್ಲ, ನೋಡಿದ್ದು 15ನ್ನು. ಆ ಒಂದು ಸಂಗತಿ ಹಾಳೆಯಲ್ಲಿ ದಾಖಲಾಗಿದ್ದರೆ, ಇಬ್ಬರೂ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಬರೆದಿದ್ದಾರೆ ಎಂದು ಯಂತ್ರಕ್ಕೆ ತಿಳಿಯುತ್ತಿತ್ತು, ಎರಡನ್ನೂ ಎದುರಿಗಿಟ್ಟು ಕೇಳುತ್ತಿತ್ತು.

ಬರೆದದ್ದಕ್ಕಿಂತ ಕಷ್ಟದ್ದು ಅಳಿಸಿದ್ದು. ನಮ್ಮ ದೊಡ್ಡಪ್ಪ ತೀರಿಕೊಂಡ ಎಷ್ಟೋ ದಿನಗಳ ಮೇಲೆ ಮನಸ್ಸು ಗಟ್ಟಿ ಮಾಡಿಕೊಂಡು ಅವರ ನಂಬರನ್ನು ಫೋನಿನಿಂದ ಅಳಿಸಿದೆ. ತಿಂಗಳು ಕಳೆದು ಮನೆಯ ಹಳೆಯ ಟ್ಯಾಬ್ಲೆಟ್ಟಿಗೆ ಚಾರ್ಜು ಹಾಕಿದ ಸಂಜೆ, ಅವರ ಹೆಸರು, ನಗುವ ಫೋಟೊ ಸಮೇತ, ನನ್ನ ಫೋನಿನಲ್ಲಿ ಮತ್ತೆ ಕಂಡಿತು. ಬಹಳ ಹೊತ್ತು ನೋಡುತ್ತ ಕೂತೆ, ಮತ್ತೆ ಅಳಿಸಲಿಲ್ಲ. ಹೀಗೇಕಾಗುತ್ತದೆ ಎಂದರೆ, ಒಂದು ಪ್ರತಿಯಲ್ಲಿ ಇಲ್ಲದ್ದು ಇನ್ನೊಂದರಲ್ಲಿ ಇದ್ದರೆ, ಅದು ಹೊಸದಾಗಿ ಸೇರಿದ್ದೋ ಇಲ್ಲಿ ಅಳಿಸಿದ್ದೋ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಆದ್ದರಿಂದ ಅಳಿಸಿದ್ದನ್ನೂ ಬರೆದಿಡಬೇಕು, ಇಲ್ಲಿ ಒಂದು ಹೆಸರಿತ್ತು, ತೆಗೆದಿದ್ದೇವೆ ಎಂದು ಗುರುತು ಉಳಿಸಬೇಕು. ಆ ಗುರುತಿಗೆ ಕಂಪ್ಯೂಟರಿನವರು ಇಟ್ಟ ಹೆಸರು ಟೂಂಬ್‌ಸ್ಟೋನ್, ಗೋರಿಕಲ್ಲು. ಕಸಾಂಡ್ರಾ ಎಂಬ ಹೆಸರಾಂತ ಡೇಟಾಬೇಸಿನಲ್ಲಿ, ನಾವಾಗಿ ಬದಲಿಸದಿದ್ದರೆ, ಈ ಗುರುತು ಉಳಿಯುವ ಅವಧಿ 8,64,000 ಸೆಕೆಂಡು. ಲೆಕ್ಕ ಹಾಕಿದರೆ ಸರಿಯಾಗಿ ಹತ್ತು ದಿನ. ಅದಕ್ಕಿಂತ ಹೆಚ್ಚು ದಿನ ಸಂಪರ್ಕ ತಪ್ಪಿದ್ದ ಯಂತ್ರವೊಂದು ಹಾಗೇ ಮರಳಿ ಬಂದು ಸೇರಿಕೊಂಡರೆ, ಅಳಿಸಿದ್ದೆಲ್ಲ ಅದರ ಹಿಂದೆಯೇ ಎದ್ದು ಬರಬಹುದು.

ಇನ್ನು ಮುಟ್ಟಿತೋ ಇಲ್ಲವೋ ಎಂಬ ಕಷ್ಟ. 2020ರ ಮುಂಗಾರಿನಿಂದ ನಮ್ಮ ರಾಜ್ಯದಲ್ಲಿ ರೈತರೇ ತಮ್ಮ ಜಮೀನಿನ ಬೆಳೆಯನ್ನು ಮೊಬೈಲಿನಲ್ಲಿ ದಾಖಲಿಸುವ ವ್ಯವಸ್ಥೆ ಇದೆ. ಸರ್ವೆ ನಂಬರಿನ ವಿವರ ಇಳಿಸಿಕೊಳ್ಳಬೇಕು, ಆ ನಂಬರಿನೊಳಗೇ ನಿಂತು ಫೋಟೊ ತೆಗೆಯಬೇಕು, ಎಕರೆ ಗುಂಟೆ ತುಂಬಬೇಕು, ಆಮೇಲೆ ಅಪ್‌ಲೋಡ್. ಭಾವನ ತೋಟ ಕಣಿವೆಯಲ್ಲಿ, ಅಲ್ಲಿ ಸಿಗ್ನಲ್ಲಿನ ಒಂದು ಕಡ್ಡಿಯೂ ಬರುವುದಿಲ್ಲ. ಕೆಳಗೆ ಫೋಟೊ ತೆಗೆದು ಇಬ್ಬರೂ ಗುಡ್ಡ ಹತ್ತಿದೆವು. ನೆತ್ತಿಯ ಬಂಡೆಯ ಮೇಲೆ ನಿಂತು ಭಾವ ಫೋನು ಎತ್ತಿ ಹಿಡಿದರು. ಚಕ್ರ ತಿರುಗಿತು, ನಿಂತಿತು, ಮತ್ತೆ ತಿರುಗಿತು. "ಹೋಯ್ತೇನೋ ತಮ್ಮಾ? ಇನ್ನೊಂದ್ಸಲ ಒತ್ತಲಾ?" ಎಂದು ಕೇಳಿದರು. ಬಹಳ ಆಳದ ಪ್ರಶ್ನೆ ಅದು. ಡೇಟಾಬೇಸ್ ತಜ್ಞ ಜಿಮ್ ಗ್ರೇ 1978ರಲ್ಲಿ ಇದನ್ನೇ ಇಬ್ಬರು ದಂಡನಾಯಕರ ಕಥೆಯಾಗಿ ಬರೆದರು: ಎರಡು ಗುಡ್ಡದ ಮೇಲೆ ಎರಡು ದಂಡು, ನಡುವಿನ ಕಣಿವೆಯಲ್ಲಿ ಶತ್ರು. ಓಲೆ ಒಯ್ದವನು ಮುಟ್ಟಿದನೋ, ಮುಟ್ಟಿದ ಸುದ್ದಿ ತರುವವನು ದಾರಿಯಲ್ಲೇ ಸಿಕ್ಕಿಬಿದ್ದನೋ, ಎಷ್ಟು ಓಲೆ ಓಡಾಡಿದರೂ ಇಬ್ಬರಿಗೂ ಪೂರ್ತಿ ಖಾತ್ರಿಯಾಗುವುದಿಲ್ಲ. ಒತ್ತದಿದ್ದರೆ ದಾಖಲೆ ಮುಟ್ಟದೇ ಇರಬಹುದು, ಒತ್ತಿದರೆ ಎರಡಾಗಬಹುದು. ಇದಕ್ಕೆ ಮದ್ದು ನಮ್ಮ ರಿಜಿಸ್ಟರ್ಡ್ ಅಂಚೆಯವರಿಗೆ ಹಿಂದಿನಿಂದಲೂ ಗೊತ್ತಿತ್ತು. ಪ್ರತಿ ಲಕೋಟೆಗೂ ಒಂದು ನಂಬರು. ಫೋನಿನಲ್ಲಿ ಬರೆದ ಪ್ರತಿ ದಾಖಲೆಗೂ ಹುಟ್ಟುವಾಗಲೇ ಬೇರೆ ಯಾವುದಕ್ಕೂ ಇಲ್ಲದ ನಂಬರು ಕೊಟ್ಟುಬಿಟ್ಟರೆ, ಹತ್ತು ಸಲ ಒತ್ತಿದರೂ ಸರ್ವರು ಒಂದನ್ನೇ ಇಟ್ಟುಕೊಳ್ಳುತ್ತದೆ. ಹಾಗೆ ಕಟ್ಟಿದ ವ್ಯವಸ್ಥೆಯಾದರೆ ಭಾವನಂಥವರು ಧೈರ್ಯವಾಗಿ ಮತ್ತೆ ಒತ್ತಬಹುದು.

ಗುಡ್ಡದ ಮೇಲಿನ ಆ ಒಂದು ಒತ್ತಿನ ಮೇಲೆ ಎಷ್ಟು ನಿಂತಿದೆ ನೋಡಿ. ಬೆಳೆ ವಿಮೆ, ಬೆಂಬಲ ಬೆಲೆ, ಬೆಳೆ ಹಾನಿ ಪರಿಹಾರ ಎಲ್ಲಕ್ಕೂ ಈ ಸಮೀಕ್ಷೆಯ ದಾಖಲೆ ಬೇಕು. ವಿಮೆಗೆ ಬರೆಸಿದ ಬೆಳೆ ಒಂದು, ಸಮೀಕ್ಷೆಯಲ್ಲಿ ಕಂಡದ್ದು ಇನ್ನೊಂದು ಎಂದಾದರೆ ಪರಿಹಾರ ನಿಲ್ಲುತ್ತದೆ. ದಾಖಲಾದದ್ದನ್ನು ನೋಡಿ ಆಕ್ಷೇಪಣೆ ಹಾಕಲು ಬೆಳೆ ದರ್ಶಕ ಎಂಬ ಆ್ಯಪ್ ಇದೆ. ಇಡೀ ಏರ್ಪಾಟಿನಲ್ಲಿ ನನಗೆ ಮೆಚ್ಚಾದ ಭಾಗ ಅದು, ತಾಳೆಯಾಗದ ಸಾಲಿಗೆ ಪೆನ್ಸಿಲ್ ಗುರುತು ಹಾಕಲು ಜಾಗ ಇಟ್ಟಿದ್ದಾರೆ. ಕಚೇರಿ ಕಚೇರಿಗಳ ನಡುವೆಯೂ ಇದೇ ಕಥೆ. ಸುಮಾರು 67 ಲಕ್ಷ ಜಮೀನುದಾರರ 2 ಕೋಟಿಯಷ್ಟು ಪಹಣಿಗಳನ್ನು ಭೂಮಿ ಯೋಜನೆಯಲ್ಲಿ ಕಂಪ್ಯೂಟರಿಗೆ ಏರಿಸಿದರು, ಅದು ದೊಡ್ಡ ಕೆಲಸ. ಆದರೆ ಜಮೀನು ಮಾರಾಟವಾಗುವುದು ಉಪನೋಂದಣಿ ಕಚೇರಿಯಲ್ಲಿ, ಪಹಣಿಯಲ್ಲಿ ಹೆಸರು ಬದಲಾಗಬೇಕಾದದ್ದು ತಾಲ್ಲೂಕು ಕಚೇರಿಯಲ್ಲಿ. ನಡುವೆ ಜೆ ಸ್ಲಿಪ್ ಎಂಬ ಚೀಟಿ ಓಡಾಡಬೇಕು. ಅದು ಕಾಗದವಾಗಿದ್ದ ಕಾಲದಲ್ಲಿ ಎಲ್ಲೋ ಕಪಾಟಿನಲ್ಲಿ ಉಳಿದರೆ, ಕೊಂಡವರು ಹಣ ಕೊಟ್ಟೂ ಪಹಣಿಯ 9ನೇ ಕಾಲಮ್ಮಿನಲ್ಲಿ ಹೆಸರಿಲ್ಲದೆ ಉಳಿಯುತ್ತಿದ್ದರು. ಈಗ ಆ ಚೀಟಿ ತಂತಿಯ ಮೇಲೆ ತಾನೇ ಹೋಗುತ್ತದೆ.

ಅಕ್ಕನ ಹಾಳೆಗೆ ಬರುತ್ತೇನೆ. ಸಂಶೋಧಕ ಮಾರ್ಕ್ ಶಪಿರೋ ಮತ್ತು ಜೊತೆಗಾರರು 2011ರಲ್ಲಿ ಪ್ರಕಟಿಸಿದ ಕೆಲಸ ಇದೆ. ಎಷ್ಟು ಪ್ರತಿ ಎಷ್ಟು ದಿನ ದೂರವಿದ್ದರೂ, ಯಾವ ಕ್ರಮದಲ್ಲಿ ಬಂದು ಸೇರಿದರೂ, ಕೊನೆಗೆ ಒಂದೇ ಉತ್ತರ ಬರುವಂತೆ ದಾಖಲೆಯನ್ನು ಕಟ್ಟುವ ಬಗೆ. ಅದರ ಅತ್ಯಂತ ಸರಳ ಉದಾಹರಣೆ ಎಣಿಕೆ. ಒಟ್ಟು ಎಷ್ಟು ಎಂದು ಯಾರೂ ಬರೆಯಬಾರದು. ಪ್ರತಿ ಫೋನೂ ತಾನು ಸೇರಿಸಿದ್ದನ್ನು ಮಾತ್ರ ತನ್ನ ಕಾಲಮ್ಮಿನಲ್ಲಿ ಬರೆಯಬೇಕು, ಕೂಡಿಕೆ ಆಮೇಲೆ. ಅಕ್ಕನ ಕಾಲಮ್ಮಿನಲ್ಲಿ ಮೂರು, ಮಗನ ಕಾಲಮ್ಮಿನಲ್ಲಿ ಒಂದು, ಹಿಂದಿನದು ಹದಿನೈದು. ಹತ್ತೊಂಬತ್ತು. ಸೆರಗಿನ ಗಂಟಿನಲ್ಲಿ ಡಬ್ಬಿಗೊಂದು ಅಡಿಕೆ ಹಾಕುತ್ತ ಹೋದವರು ಮಾಡಿದ್ದೂ ಅದನ್ನೇ.

ಹಾಳೆಯನ್ನು ಹಾಗೆ ತಿದ್ದಿಕೊಟ್ಟೆ. ಕಳೆದ ಕೊಯ್ಲಿನಲ್ಲಿ ಹನ್ನೊಂದು ಸಲ ಕರೆಂಟು ಹೋಯಿತು ಎಂದು ಅಳಿಯ ಹೇಳಿದ, ಒಂದು ಡಬ್ಬಿಯೂ ಹೆಚ್ಚು ಕಡಿಮೆಯಾಗಲಿಲ್ಲ. ಅಕ್ಕ ಪುಸ್ತಕವನ್ನೂ ಬಿಟ್ಟಿಲ್ಲ. ಬಿಡುವುದು ಬೇಡ ಎಂದು ನಾನೇ ಹೇಳಿದ್ದೇನೆ.

ನನ್ನಂತೆ ಇದೇ ಕಸುಬು ಮಾಡುವ ತಮ್ಮ ತಂಗಿಯರಲ್ಲಿ ಎಷ್ಟೋ ಮಂದಿ ಇಂಥ ಊರುಗಳಿಂದಲೇ ಬಂದವರು. ನಿಮ್ಮಲ್ಲಿ ನನ್ನದೊಂದು ಕೋರಿಕೆ. ಮುಂದಿನ ಸಲ ಹಬ್ಬಕ್ಕೆ ಊರಿಗೆ ಹೋದಾಗ ನೀವು ಕಟ್ಟಿದ ಆ್ಯಪನ್ನು ಎರಡು ಫೋನಿಗೆ ಹಾಕಿಕೊಳ್ಳಿ. ಒಂದನ್ನು ಅಮ್ಮನ ಕೈಗೆ ಕೊಟ್ಟು, ಇನ್ನೊಂದನ್ನು ಹಿಡಿದು ಸಿಗ್ನಲ್ ಇಲ್ಲದ ತೋಟಕ್ಕೆ ಇಳಿಯಿರಿ. ಇಬ್ಬರೂ ಒಂದೇ ಸಾಲನ್ನು ತಿದ್ದಿ, ಮನೆಗೆ ಬಂದು ತಾಳೆ ನೋಡಿ. ಅಮ್ಮ ಬರೆದದ್ದು ಹೇಳದೆ ಕೇಳದೆ ಮಾಯವಾಗಿದ್ದರೆ, ರಜೆ ಮುಗಿಸಿ ಹೋದ ಮೊದಲ ದಿನವೇ ಅದನ್ನು ಸರಿಪಡಿಸಿ.