ಪಕ್ಕದ ಮೇಜಿನ ಮಾತು

ನಮ್ಮ ತಂದೆಯವರು ಹುಟ್ಟಿದ್ದು ಸೇಲಂ ಜಿಲ್ಲೆಯಲ್ಲಿ, ನಾನು ಹುಟ್ಟಿದ್ದು ಧರ್ಮಪುರಿ ಜಿಲ್ಲೆಯಲ್ಲಿ, ನನ್ನ ಮಗಳು ಹುಟ್ಟಿದ್ದು ಕೃಷ್ಣಗಿರಿ ಜಿಲ್ಲೆಯಲ್ಲಿ. ಮೂವರಿಗೂ ಊರು ಒಂದೇ, ಮನೆ ಒಂದೇ. ಹೊಸೂರು ಸೀಮೆಯ ನಮ್ಮ ಊರು 1965ರಲ್ಲಿ ಒಮ್ಮೆ, 2004ರಲ್ಲಿ ಮತ್ತೊಮ್ಮೆ ಜಿಲ್ಲೆ ಬದಲಿಸಿತು. ಮನೆಯೊಳಗಿನ ಕನ್ನಡ ಮಾತ್ರ ಕದಲಲಿಲ್ಲ. ಅದೂ ಕದಲಬಹುದೆಂಬ ಅಳುಕು ನನ್ನಲ್ಲಿ ಮೊದಲು ಹುಟ್ಟಿದ್ದು ಒಂದು ಚೀನೀ ಹೋಟೆಲಿನಲ್ಲಿ ಎಂದರೆ ಓದುಗರು ನಕ್ಕಾರು.

ಅದು 1994ನೆಯ ಇಸವಿ. ನಾನು ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾಗಿದ್ದೆ. ಕನ್ನಡ ಶಾಲೆಯ ಉಪಾಧ್ಯಾಯರಾಗಿದ್ದ ತಂದೆಯವರು ಕೊಟ್ಟ ಮಾತಿನಂತೆ ನನ್ನನ್ನು ಬೆಂಗಳೂರಿಗೆ ಕರೆದೊಯ್ದರು. ಅತ್ತಿಬೆಲೆಯ ಮೇಲೆ ಸುಮಾರು 40 ಕಿಲೋಮೀಟರು ಬಸ್ಸಿನ ಪಯಣ. ಮಧ್ಯಾಹ್ನ ನಾವು ಹೊಕ್ಕಿದ್ದು ‘ಚುಂಗ್ ವಾ’ ಹೋಟೆಲನ್ನು. ಬೆಂಗಳೂರಿನ ಹಲವು ಬಡಾವಣೆಗಳಲ್ಲಿ ಶಾಖೆಗಳನ್ನು ತೆರೆದು, ದಶಕಗಳ ಕಾಲ ನಡೆದುಬಂದ ಹೋಟೆಲು ಅದು. ಉಡುಪಿ ಹೋಟೆಲಿನ ತಟ್ಟೆ ಇಡ್ಲಿಯನ್ನಷ್ಟೇ ಬಲ್ಲ ನನಗೆ ಆ ಮಂದ ಬೆಳಕು, ಕೆಂಪು ದೀಪ, ಹುಳಿನೀರಿನಲ್ಲಿ ನೆನೆದ ಹಸಿಮೆಣಸಿನಕಾಯಿಯ ಬಟ್ಟಲು ಎಲ್ಲವೂ ವಿಸ್ಮಯವಾಗಿದ್ದವು. ಇಂಗ್ಲಿಷಿನಲ್ಲಿದ್ದ ತಿಂಡಿಪಟ್ಟಿಯನ್ನು ತಂದೆಯವರು ಪಾಠ ಓದುವಂತೆ ಬೆರಳಿಟ್ಟು ಓದಿ, ಜೋಳದ ಸೂಪು, ನೂಡಲ್ಸು, ಗೋಬಿ ಮಂಚೂರಿ ತರಿಸಿದರು.

ಮಂಚೂರಿ ಎಂಬುದು ಚೀನಾದಲ್ಲಿಲ್ಲದ ತಿನಿಸೆಂದು ನಾನು ತಿಳಿದದ್ದು ಬಹಳ ತಡವಾಗಿ. ಕಲ್ಕತ್ತೆಯಲ್ಲಿ ಹುಟ್ಟಿದ ನೆಲ್ಸನ್ ವಾಂಗ್ ಎಂಬ ಚೀನೀ ಮೂಲದ ಬಾಣಸಿಗರು 1975ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ಬಿನಲ್ಲಿ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿಗೆ ಸೋಯಾ ಸಾಸು ಸೇರಿಸಿ ಕೋಳಿಯ ಮಂಚೂರಿಯನ್ನು ಮೊದಲು ಮಾಡಿದರೆಂದು ಹೇಳುತ್ತಾರೆ. ಕೋಳಿಯ ಜಾಗದಲ್ಲಿ ಹೂಕೋಸು ಬಂದು, ಅದೀಗ ನಮ್ಮ ಸಂತೆಬೀದಿಯ ತಳ್ಳುಗಾಡಿಯನ್ನೂ ಏರಿದೆ.

ಆ ದಿನ ನಮ್ಮ ಪಕ್ಕದ ಮೇಜಿನಲ್ಲಿ ಚೀನೀ ಮೂಲದ ಒಂದು ಕುಟುಂಬ ಕುಳಿತಿತ್ತು. ವೃದ್ಧರೊಬ್ಬರು ಮಾಣಿಯೊಡನೆ ಸೊಗಸಾದ ಬೆಂಗಳೂರು ಕನ್ನಡದಲ್ಲಿ ಮಾತನಾಡಿದರು. ಮೊಮ್ಮಕ್ಕಳತ್ತ ತಿರುಗಿ ತಮ್ಮ ನುಡಿಯಲ್ಲಿ ಏನೋ ಕೇಳಿದರು. ಮಕ್ಕಳು ಇಂಗ್ಲಿಷಿನಲ್ಲಿ ಉತ್ತರಿಸಿದರು. ಮತ್ತೆ ಕೇಳಿದರು, ಮತ್ತೆ ಇಂಗ್ಲಿಷು. ಮೂರನೆಯ ಬಾರಿ ಅವರೂ ಇಂಗ್ಲಿಷಿಗೇ ಹೊರಳಿದರು. ತಂದೆಯವರು ಚಮಚವನ್ನು ಕೆಳಗಿಟ್ಟು, “ನೋಡಿದೆಯೇನಪ್ಪ? ಅಡುಗೆ ಉಳಿಸಿಕೊಂಡಿದ್ದಾರೆ, ಮಾತು ಹೋಗ್ತಾ ಇದೆ” ಎಂದರು.

ಮುಂದೆ ಆ ಜನರ ಚರಿತ್ರೆಯನ್ನು ಅಷ್ಟಿಷ್ಟು ಓದಿದೆ. ಭಾರತದ ಚೀನೀಯರಲ್ಲಿ ಅನೇಕರ ಮನೆಮಾತು ಹಕ್ಕಾ. 1962ರ ಯುದ್ಧದ ಬಳಿಕ ಸುಮಾರು 3,000 ಮಂದಿಯನ್ನು ರಾಜಸ್ಥಾನದ ದೇವಲಿಯ ಶಿಬಿರದಲ್ಲಿ ಕೂಡಿಹಾಕಲಾಗಿತ್ತು. ಅನಂತರ ಎಷ್ಟೋ ಕುಟುಂಬಗಳು ಕೆನಡಾ ದೇಶಕ್ಕೆ ವಲಸೆ ಹೋದವು. ಅವರು ಪಟ್ಟ ಪಾಡು ನಮಗೆ ಬಂದಿಲ್ಲ. ನಮ್ಮ ಶಾಲೆಗಳು ಇನ್ನೂ ತೆರೆದಿವೆ, ಕನ್ನಡನಾಡು ಬಸ್ಸಿನ ದೂರದಲ್ಲಿದೆ. ಆದರೂ ನನ್ನ ಮಗಳು ಗೆಳತಿಯರೊಡನೆ ತಮಿಳು, ಫೋನಿನಲ್ಲಿ ಇಂಗ್ಲಿಷು. ತಮಿಳು ನಮಗೆ ಅನ್ನ ಕೊಟ್ಟ ನೆಲದ ಭಾಷೆ, ಇಂಗ್ಲಿಷು ಬೇಕಾದ ಭಾಷೆ. ಎರಡರ ಮೇಲೂ ನನಗೆ ದೂರಿಲ್ಲ. ಅಜ್ಜ ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು “ಓಕೆ” ಎಂದಾಗಲೆಲ್ಲ ಆ ಪಕ್ಕದ ಮೇಜು ಕಣ್ಣ ಮುಂದೆ ಬರುತ್ತದೆ.

ಈ ವರ್ಷ ಅವಳ ಎಂಟನೆಯ ತರಗತಿ ಮುಗಿಯುತ್ತದೆ. ಕನ್ನಡ ಮಾಧ್ಯಮದ ಪ್ರೌಢಶಾಲೆಗೆ ಎರಡು ಬಸ್ಸು ಹಿಡಿಯಬೇಕು. ಇಂಗ್ಲಿಷ್ ಶಾಲೆಯ ವಾಹನ ಮನೆಬಾಗಿಲಿಗೇ ಬರುತ್ತದೆ. ಮನೆಯಲ್ಲಿ ಚರ್ಚೆ ನಡೆದಿತ್ತು. ಕಳೆದ ವಾರ ಸಂತೆಯಿಂದ ಮಂಚೂರಿಯ ಪೊಟ್ಟಣ ತಂದೆ. ಹಲ್ಲಿಲ್ಲದ ತಂದೆಯವರು ಒಂದು ಚೂರನ್ನು ಬಾಯಿಗಿಟ್ಟು, ಆ ಹಳೆಯ ಕಥೆಯನ್ನು ಮೊಮ್ಮಗಳಿಗೆ ಹೇಳಿದರು. ಅವಳು ಕೇಳಿದಳು: “ಆಮೇಲೆ ಆ ತಾತ ಮನೇಲಿ ಯಾರ ಜೊತೆ ಮಾತಾಡ್ತಿದ್ರು, ಅಜ್ಜಾ?”

ತಂದೆಯವರು ಉತ್ತರಿಸಲಿಲ್ಲ. ಮರುದಿನ ನಾನು ಎರಡು ಬಸ್ಸುಗಳ ವೇಳೆಯನ್ನು ವಿಚಾರಿಸಿಕೊಂಡು ಬಂದೆ.