ಕೊಂದವರ ಕೃತಜ್ಞತೆ

2007ರ ವಸಂತದಲ್ಲಿ, ಅಲಾಸ್ಕದ ಉತ್ತರ ತುದಿಯ ಬ್ಯಾರೋ ಎಂಬ ಊರಿನ (ಉಟ್ಕಿಯಾಗ್ವಿಕ್ ಎಂಬ ಪೂರ್ವನಾಮವನ್ನು ಅದು ಈಚೆಗೆ ಮರಳಿ ಪಡೆದಿದೆ) ಇನ್ಯುಪಿಯಾತ್ ಬೇಟೆಗಾರರು ಕೊಂದ ಬೋಹೆಡ್ ತಿಮಿಂಗಿಲವೊಂದರ ದೇಹದಲ್ಲಿ, 19ನೆಯ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕದ ತಿಮಿಂಗಿಲಬೇಟೆಯ ಬಂದರಾದ ನ್ಯೂ ಬೆಡ್‌ಫರ್ಡಿನಲ್ಲಿ ತಯಾರಾದ ಸ್ಫೋಟಕ ಈಟಿಯ ಚೂರೊಂದು ದೊರೆಯಿತು. ನೂರು ವರ್ಷಕ್ಕೂ ಮಿಗಿಲಾಗಿ ಆ ಲೋಹಖಂಡವನ್ನು ಒಡಲಲ್ಲಿ ಹುದುಗಿಸಿಕೊಂಡು ಹಿಮಸಾಗರದಲ್ಲಿ ಸಂಚರಿಸಿದ ಜೀವವು ಕಡೆಗೆ ಮತ್ತೊಂದು ಈಟಿಗೆ ಆಹುತಿಯಾಯಿತೆಂಬುದನ್ನು ಓದಿದಂದಿನಿಂದ, ಆ ಬೇಟೆಯ ವಿಷಯದಲ್ಲಿ ನನ್ನ ಮನಸ್ಸು ಒಂದು ನೆಲೆಗೆ ನಿಂತಿಲ್ಲ.

ಅಂಥ ಈಟಿಗಳನ್ನು ಆ ಕಡಲಿಗೆ ತಂದವರು, 1848ರಿಂದ ಮೊದಲ್ಗೊಂಡು ಬೇರಿಂಗ್ ಜಲಸಂಧಿಯನ್ನು ದಾಟಿ ಬಂದ ವ್ಯಾಪಾರದ ಹಡಗಿನವರು. ದೀಪದೆಣ್ಣೆಗೆಂದೂ, ಸಿರಿವಂತ ಸ್ತ್ರೀಯರ ನಡುವನ್ನು ಬಿಗಿಯುವ ಕುಪ್ಪಸಗಳಿಗೆ ಬೇಕಾದ ತಿಮಿಂಗಿಲದ ಬಾಯೊಳಗಿನ ಬಾಲೀನ್ ಪಟ್ಟಿಗಳಿಗೆಂದೂ ಅವನ್ನು ಸಾವಿರಗಟ್ಟಲೆ ಕೊಂದು, ಮಾಂಸವನ್ನು ಕಡಲಿಗೇ ಬಿಟ್ಟು ಹೋದವರು. ಚಳಿಗಾಲದಲ್ಲಿ ಎರಡು ತಿಂಗಳು ಸೂರ್ಯನೇ ಮೂಡದ, ಪೈರೆಂಬುದು ಏಳದ ಆ ನೆಲದಲ್ಲಿ, ಹಿಮದ ಬಿರುಕಿನಂಚಿನಲ್ಲಿ ಸೀಲಿನ ಚರ್ಮ ಹೊದಿಸಿದ ದೋಣಿಯನ್ನಿರಿಸಿಕೊಂಡು ಕಾಯುವ ಇನ್ಯುಪಿಯಾತರನ್ನು ಅವರ ಸಾಲಿನಲ್ಲಿ ನಿಲ್ಲಿಸುವುದು ನ್ಯಾಯವಾಗದು. ಚರ್ಮವೂ ಕೊಬ್ಬೂ ಕೂಡಿದ ಅವರ ‘ಮಕ್ತಕ್’ ಆಹಾರವೂ ಹೌದು, ಸಿ ಜೀವಸತ್ತ್ವದ ಆಸರೆಯೂ ಹೌದು. ಅದನ್ನು ಮಾರುವಂತಿಲ್ಲ, ಜೂನ್ ಮಾಸದ ನಲುಕತಾಕ್ ಉತ್ಸವದಲ್ಲಿ ಊರಿಗೆಲ್ಲ ಹಂಚತಕ್ಕದ್ದು. 1977ರಲ್ಲಿ ಅಂತಾರಾಷ್ಟ್ರೀಯ ತಿಮಿಂಗಿಲ ಆಯೋಗವು, ಸಂತತಿ ಕ್ಷೀಣಿಸಿತೆಂದು ಈ ಬೇಟೆಯನ್ನೇ ನಿಷೇಧಿಸಹೊರಟಾಗ, ತಿಮಿಂಗಿಲಗಳು ಹಿಮದಡಿಯಲ್ಲಿ ಹಾಯುತ್ತವೆ, ಹಿಮದಂಚಿನಿಂದ ಎಣಿಸುವವರ ಕಣ್ಣಿಗೆ ಅವು ಬೀಳವು ಎಂದು ಬೇಟೆಗಾರರು ವಾದಿಸಿದರು. ನೀರೊಳಗಿನ ಧ್ವನಿಗ್ರಾಹಕಗಳು ಮುಂದೆ ಅವರ ಮಾತನ್ನೇ ಎತ್ತಿಹಿಡಿದುವು. ಪಂಡಿತರ ಲೆಕ್ಕವನ್ನು ಬೇಟೆಗಾರರ ಅನುಭವ ತಿದ್ದಿದ ಈ ಪ್ರಸಂಗ ನನಗೆ ಬಹು ಪ್ರಿಯವಾದುದು.

ಇನ್ಯುಪಿಯಾತರ ಹಕ್ಕನ್ನು ಹೀಗೆ ಒಪ್ಪಿದ ಮೇಲೂ ಕಸಿವಿಸಿ ಉಳಿಯುತ್ತದೆ. ತಿಮಿಂಗಿಲವು ಯೋಗ್ಯರಾದವರಿಗೆ ತನ್ನನ್ನು ತಾನೇ ಅರ್ಪಿಸಿಕೊಳ್ಳುತ್ತದೆಂಬುದು ಅವರ ನಂಬಿಕೆ. ಕೊಂದ ಪ್ರಾಣಿಯ ಮೂತಿಗೆ ನಾಯಕನ ಮಡದಿ ಸಿಹಿನೀರೆರೆದು ಅತಿಥಿಯಂತೆ ಸತ್ಕರಿಸುವುದು ಅವರ ಪ್ರಾಚೀನ ವಿಧಿ. ಆ ವಿಧಿಗೆ ನನ್ನ ತಲೆ ಬಾಗುತ್ತದೆ, ಆ ನಂಬಿಕೆಗೆ ಬಾಗದು. ಯಜ್ಞಪಶುವಿಗೆ ಸ್ವರ್ಗಪ್ರಾಪ್ತಿಯೆಂದ ನಮ್ಮ ಯಾಜ್ಞಿಕರನ್ನು ಕಂಡು ಚಾರ್ವಾಕರು ನಕ್ಕುದು ಸುಮ್ಮನಲ್ಲವಷ್ಟೆ! ಇತ್ತ ಕವಿ ಜನ್ನನ ಕಾವ್ಯದ ಯಶೋಧರನು ಕೊಂದುದಾದರೂ ಹಿಟ್ಟಿನ ಕೋಳಿಯನ್ನು. ಆದರೂ ಸಂಕಲ್ಪದಲ್ಲಿ ಹಿಂಸೆಯಿದ್ದುದರಿಂದ ಅವನೂ ಅವನ ತಾಯಿಯೂ ಜನ್ಮಜನ್ಮಾಂತರದಲ್ಲಿ ಬೆಂದರು. ಆ ಕಾವ್ಯವನ್ನು ಓದಿ ಬೆಳೆದ ನನಗೆ, ರಕ್ತವು ನಿಜವಾಗಿಯೇ ಹರಿದು, ಸಂಕಲ್ಪದಲ್ಲಿ ಮಾತ್ರ ಕೃತಜ್ಞತೆಯಿದ್ದರೆ ಅದನ್ನು ತೂಗುವ ತಕ್ಕಡಿ ಯಾವುದೆಂಬುದು ಹೊಳೆಯದು.

ಇನ್ಯುಪಿಯಾತ್ ಬೇಟೆಗಾರರು ಈಚಿನ ದಶಕಗಳಲ್ಲಿ ಹಳೆಯ ಕರಿಮದ್ದಿಗೆ ಬದಲಾಗಿ ಪೆಂಥ್ರೈಟ್ ಎಂಬ ಪ್ರಬಲ ಸ್ಫೋಟಕದ ಈಟಿಯನ್ನು ರೂಢಿಗೆ ತಂದುಕೊಂಡಿದ್ದಾರೆ. ಗಾಯಗೊಂಡ ಪ್ರಾಣಿ ತಪ್ಪಿಸಿಕೊಂಡು ವ್ಯರ್ಥವಾಗದಿರಲೆಂಬುದು ಒಂದು ಕಾರಣ. ಅದು ಬೇಗ ಸಾಯಲಿ, ಹೆಚ್ಚು ನರಳದಿರಲಿ ಎಂಬುದು ಇನ್ನೊಂದು. ತಾನಾಗಿ ಬಂದು ಒಪ್ಪಿಸಿಕೊಂಡ ಅತಿಥಿಯ ನರಳಿಕೆಯನ್ನು ಕುರಿತು ಇಷ್ಟು ಚಿಂತಿಸುವವರು ನನ್ನ ಕಸಿವಿಸಿಯನ್ನು ಕೇಳಿದರೆ, ಬಹುಶಃ ಅದನ್ನು ಹೊರಗಿನವನ ಅಧಿಕಪ್ರಸಂಗವೆಂದು ತಳ್ಳಿಬಿಡಲಾರರು.